ಕ್ಲಸ್ಟರಿನ ಕ್ಯಾಶ್‌ಗೆ ಎಷ್ಟು ಮೆಮೊರಿ?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಇವತ್ತು ನಾನು ಮಾತಾಡಲಿರುವುದು ಸೆಟ್ಟಿಂಗ್ ಫೈಲಿನ ಒಂದೇ ಒಂದು ಸಾಲಿನ ಬಗ್ಗೆ. ಹಲವು ಸರ್ವರುಗಳು ಸೇರಿ ನಡೆಸುವ ಡಾಕ್ಯುಮೆಂಟ್ ಡೇಟಾಬೇಸಿನಲ್ಲಿ ಕ್ಯಾಶ್ ಮೆಮೊರಿಗೆ ಎಷ್ಟು ಗಿಗಾಬೈಟ್ ಬಿಟ್ಟುಕೊಡಬೇಕು ಎಂದು ಹೇಳುವ ಸಾಲು ಅದು. ಅಲ್ಲಿ ಬರೆಯುವುದು ಒಂದು ಅಂಕಿ ಮಾತ್ರ. ಆದರೆ ಫಲಿತಾಂಶದ ದಿನ ಮಗುವಿನ ಅಂಕಪಟ್ಟಿ ತೆರೆದುಕೊಳ್ಳುತ್ತದೋ ಇಲ್ಲವೋ, ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಯ ಹಳೆಯ ವಿವರ ಪರದೆಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೆಲ್ಲ ಎಷ್ಟೋ ಸಲ ಆ ಅಂಕಿಯ ಮೇಲೆ ನಿಂತಿರುತ್ತದೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರದಲ್ಲಿ ಎಷ್ಟು ರ‍್ಯಾಮ್ ಇದೆ ಎಂದಷ್ಟೇ ನೋಡಿ ಈ ಅಂಕಿಯನ್ನು ಇಡಬಾರದು. ಜನ ಏನನ್ನು ಓದುತ್ತಾರೆ ಎಂಬುದನ್ನು ಅಳೆದು, ಗುಂಪಿನ ಒಂದು ಯಂತ್ರ ಕೆಟ್ಟು ನಿಂತ ದಿನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇಡಬೇಕು.

ಉದಾಹರಣೆಗೆ ಮಾಂಗೋಡಿಬಿಯನ್ನು ಹಿಡಿದುಕೊಳ್ಳುತ್ತೇನೆ. ಅದು 2009ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ನಮಗೆ ಅಪರಿಚಿತವೂ ಅಲ್ಲ: ಬೆಂಗಳೂರಿನಲ್ಲಿ ತಂತ್ರಜ್ಞಾನ ಕೇಂದ್ರವನ್ನು ಹೊಂದಿರುವ ಆಧಾರ್ ಯೋಜನೆ ತನ್ನ ಆರಂಭದ ವರ್ಷಗಳಲ್ಲಿ ಮೈಎಸ್‌ಕ್ಯೂಎಲ್, ಎಚ್‌ಬೇಸ್‌ಗಳ ಜೊತೆಗೆ ಇದನ್ನೂ ಬಳಸಿತ್ತು. ಮಾಂಗೋಡಿಬಿಯಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು, ಶಾಲೆ, ಆರು ವಿಷಯಗಳ ಅಂಕ ಎಲ್ಲವೂ ಒಂದೇ ದಾಖಲೆಯಾಗಿ ಕೂರುತ್ತವೆ. ಹತ್ತು ಕೋಷ್ಟಕಗಳಿಂದ ಕೂಡಿಸಿ ತರಬೇಕಾಗಿಲ್ಲ.

ದಾಖಲೆಗಳ ಶಾಶ್ವತ ನೆಲೆ ಡಿಸ್ಕ್. ಪ್ರೊಸೆಸರ್ ಕೆಲಸ ಮಾಡಬೇಕಾದರೆ ಅವು ಮೆಮೊರಿಗೆ ಬರಬೇಕು. ಮೆಮೊರಿಯಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಒಳ್ಳೆಯ ಎಸ್‌ಎಸ್‌ಡಿಗೆ ಸುಮಾರು 100 ಮೈಕ್ರೋಸೆಕೆಂಡ್ ಬೇಕು, ಅಂದರೆ ಸಾವಿರ ಪಟ್ಟು. ತಿರುಗುವ ಹಳೆಯ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್, ಲಕ್ಷ ಪಟ್ಟು. ಈ ಅಂತರ ಇರುವುದರಿಂದಲೇ ಕ್ಯಾಶ್ ಹುಟ್ಟಿದ್ದು. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ದೊಡ್ಡ ನಿಧಾನದ ಮೆಮೊರಿಯ ಮುಂದೆ ಚಿಕ್ಕ ವೇಗದ ಮೆಮೊರಿಯನ್ನು ಇಡುವ ವಿಚಾರವನ್ನು ಬರೆದರು. 1968ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಮಾಡೆಲ್ 85ರಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಕ್ಯಾಶ್‌ನ ಗಾತ್ರ 16ರಿಂದ 32 ಕಿಲೋಬೈಟ್. ಅದೇ ವರ್ಷ ಪೀಟರ್ ಡೆನಿಂಗ್ ‘ವರ್ಕಿಂಗ್ ಸೆಟ್’ ಎಂಬ ಕಲ್ಪನೆಯನ್ನು ಮಂಡಿಸಿದರು. ದತ್ತಾಂಶವನ್ನು ಡಿಸ್ಕಿನಿಂದ ಮೆಮೊರಿಗೆ ತರುವುದು ಪುಟ ಎಂಬ ತುಂಡುಗಳಲ್ಲಿ; ಒಂದು ಪ್ರೋಗ್ರಾಂ ಇತ್ತೀಚಿನ ಒಂದು ಅವಧಿಯಲ್ಲಿ ಮುಟ್ಟಿದ ಪುಟಗಳೆಷ್ಟೋ ಅಷ್ಟು ಅದರ ವರ್ಕಿಂಗ್ ಸೆಟ್. ಅಷ್ಟೂ ಮೆಮೊರಿಯಲ್ಲಿದ್ದರೆ ಕೆಲಸ ಸರಾಗ, ಕಡಿಮೆಯಾದರೆ ಯಂತ್ರ ಪುಟಗಳನ್ನು ತಂದು ಒಯ್ದು ಮಾಡುವುದರಲ್ಲೇ ಸವೆದುಹೋಗುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆಲೆಬಾಳುವ ವಿಚಾರ ಇದೇ. ಒಟ್ಟು ದತ್ತಾಂಶ ಎಷ್ಟು ಟೆರಾಬೈಟ್ ಎಂಬುದು ಇಲ್ಲಿ ಮುಖ್ಯವಲ್ಲ, ಅದರಲ್ಲಿ ಮತ್ತೆ ಮತ್ತೆ ಬೇಕಾಗುವ ಭಾಗ ಎಷ್ಟು ಎಂಬುದು ಮುಖ್ಯ.

ಮೆಮೊರಿಯಲ್ಲಿ ಏನನ್ನು ಇಟ್ಟುಕೊಳ್ಳಬೇಕು ಎಂಬುದಕ್ಕೆ ಹಣದ ಲೆಕ್ಕವೂ ಇದೆ. 1987ರಲ್ಲಿ ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೋಲು ಮೆಮೊರಿಯ ಬೆಲೆಯನ್ನೂ ಡಿಸ್ಕ್ ಓದಿನ ಬೆಲೆಯನ್ನೂ ತೂಗಿ ನೋಡಿ, ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವನ್ನು ಮೆಮೊರಿಯಲ್ಲೇ ಇಡುವುದು ಅಗ್ಗ ಎಂಬ ನಿಯಮ ಕೊಟ್ಟರು. ಬೆಲೆಗಳು ಬದಲಾದಂತೆ ಆ ಐದು ನಿಮಿಷವೂ ಬದಲಾಗುತ್ತ ಬಂದಿದೆ. ತೂಗಿ ನೋಡುವ ಕ್ರಮ ಮಾತ್ರ ಇಂದಿಗೂ ಹಾಗೇ ಉಳಿದಿದೆ.

ಹಾಗಾದರೆ ಕ್ಯಾಶನ್ನು ಯಾರು ನೋಡಿಕೊಳ್ಳಬೇಕು, ಆಪರೇಟಿಂಗ್ ಸಿಸ್ಟಮ್ಮೋ ಡೇಟಾಬೇಸೋ? ಈ ಚರ್ಚೆಯೂ ಹಳೆಯದು. ಆಪರೇಟಿಂಗ್ ಸಿಸ್ಟಂ ಕೊಡುವ ಬಫರ್ ವ್ಯವಸ್ಥೆ ಡೇಟಾಬೇಸಿನ ಅಗತ್ಯಕ್ಕೆ ಒಗ್ಗುವುದಿಲ್ಲ ಎಂದು ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲೇ ಬರೆದಿದ್ದರು. ಮಾಂಗೋಡಿಬಿ ತನ್ನ ಮೊದಲ ವರ್ಷಗಳಲ್ಲಿ ಆ ಭಾರವನ್ನು ಆಪರೇಟಿಂಗ್ ಸಿಸ್ಟಮ್ಮಿಗೇ ಬಿಟ್ಟಿತ್ತು. ಫೈಲನ್ನೇ ಮೆಮೊರಿಯ ವಿಳಾಸಗಳಿಗೆ ಜೋಡಿಸಿಕೊಂಡು ಓದುತ್ತಿತ್ತು. ಆಗ ಹೊಂದಿಸಲು ಅಂಕಿಯೇ ಇರಲಿಲ್ಲ. 2014ರ ಕೊನೆಗೆ ಮಾಂಗೋಡಿಬಿ ಕಂಪನಿ ವೈರ್ಡ್‌ಟೈಗರ್ ಎಂಬ ಸ್ಟೋರೇಜ್ ಎಂಜಿನನ್ನು ಕೊಂಡುಕೊಂಡಿತು. ಅದನ್ನು ಕಟ್ಟಿದ ಕೀತ್ ಬೋಸ್ಟಿಕ್ ಮತ್ತು ಮೈಕೆಲ್ ಕೇಹಿಲ್ ಹಿಂದೆ ಬರ್ಕ್ಲಿ ಡಿಬಿಯಲ್ಲಿ ಕೆಲಸ ಮಾಡಿದವರು. 2015ರ 3.2 ಆವೃತ್ತಿಯಿಂದ ಅದೇ ರೂಢಿಯ ಎಂಜಿನ್ ಆಯಿತು. ಅಂದಿನಿಂದ ಕ್ಯಾಶ್‌ನ ಗಾತ್ರ ನಮ್ಮ ಕೈಗೆ ಬಂತು.

ನೀವು ಏನನ್ನೂ ಬರೆಯದಿದ್ದರೆ ಡೇಟಾಬೇಸ್ ತಾನೇ ಒಂದು ಲೆಕ್ಕ ಹಾಕುತ್ತದೆ: ಒಟ್ಟು ರ‍್ಯಾಮಿನಲ್ಲಿ 1 ಗಿಗಾಬೈಟ್ ಕಳೆದು ಉಳಿದದ್ದರ ಅರ್ಧ, ಅಥವಾ 256 ಮೆಗಾಬೈಟ್, ಇವೆರಡರಲ್ಲಿ ಯಾವುದು ದೊಡ್ಡದೋ ಅದು. 32 ಗಿಗಾಬೈಟಿನ ಯಂತ್ರದಲ್ಲಿ ಕ್ಯಾಶ್‌ಗೆ 15.5 ಗಿಗಾಬೈಟ್ ಸಿಗುತ್ತದೆ. ಇದನ್ನು ಮೊದಲ ಸಲ ನೋಡಿದವರೆಲ್ಲ ಕೇಳುವ ಪ್ರಶ್ನೆ, ‘ಇಡೀ ಯಂತ್ರ ಡೇಟಾಬೇಸಿಗೇ ಮೀಸಲಾಗಿರುವಾಗ ಅರ್ಧ ಮೆಮೊರಿಯನ್ನು ಸುಮ್ಮನೆ ಬಿಡುವುದೇಕೆ?’

ಆ ಅರ್ಧ ಸುಮ್ಮನಿರುವುದಿಲ್ಲ. ಡಿಸ್ಕಿನಲ್ಲಿ ದಾಖಲೆಗಳು ಸ್ನ್ಯಾಪಿ ಎಂಬ ವಿಧಾನದಿಂದ ಅದುಮಿ ಇಟ್ಟ ರೂಪದಲ್ಲಿರುತ್ತವೆ. ವೈರ್ಡ್‌ಟೈಗರ್ ಅವುಗಳನ್ನು ತನ್ನ ಕ್ಯಾಶ್‌ಗೆ ತರುವಾಗ ಬಿಚ್ಚಿ ತರುತ್ತದೆ. ಆದರೆ ಓದಿದ ಫೈಲಿನ ಭಾಗವನ್ನು ಆಪರೇಟಿಂಗ್ ಸಿಸ್ಟಂ ಕೂಡ ಉಳಿದ ಮೆಮೊರಿಯಲ್ಲಿ, ಅದುಮಿದ ರೂಪದಲ್ಲೇ, ಇಟ್ಟುಕೊಂಡಿರುತ್ತದೆ. ಹಾಗಾಗಿ ಒಳಗಿನ ಕ್ಯಾಶ್‌ನಿಂದ ಹೊರಬಿದ್ದ ಪುಟ ಮತ್ತೆ ಬೇಕಾದಾಗ ಡಿಸ್ಕಿನವರೆಗೆ ಹೋಗದೆ ಅಲ್ಲಿಂದಲೇ ಸಿಗಬಹುದು. ಮೂರು ಪಟ್ಟು ಅದುಮಬಹುದಾದ ದತ್ತಾಂಶವಾದರೆ, ಒಳಗೆ 5 ಗಿಗಾಬೈಟ್ ಹಿಡಿಯುವ ದಾಖಲೆಗಳು ಹೊರಗೆ ಎರಡು ಗಿಗಾಬೈಟಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತವೆ. ಇದಲ್ಲದೆ ಪ್ರತಿ ಸಂಪರ್ಕಕ್ಕೂ 1 ಮೆಗಾಬೈಟಿನವರೆಗೆ ಮೆಮೊರಿ ಬೇಕಾಗುತ್ತದೆ. ಸಾವಿರ ಸಂಪರ್ಕ ಎಂದರೆ ಅದೇ ಒಂದು ಗಿಗಾಬೈಟ್. ಇಂಡೆಕ್ಸ್ ಇಲ್ಲದೆ ವಿಂಗಡಿಸುವ ಪ್ರತಿ ಪ್ರಶ್ನೆ 100 ಮೆಗಾಬೈಟಿನವರೆಗೆ ತೆಗೆದುಕೊಳ್ಳಬಹುದು. ಇವೆಲ್ಲವೂ ಆ 15.5ರ ಹೊರಗಿನ ಖರ್ಚು. 32ರಲ್ಲಿ 28ನ್ನು ಕ್ಯಾಶ್‌ಗೆ ಬರೆದುಕೊಟ್ಟರೆ, ದಟ್ಟಣೆಯ ಹೊತ್ತಿನಲ್ಲಿ ಲಿನಕ್ಸ್ ಮೆಮೊರಿ ಸಾಲದೆ ಡೇಟಾಬೇಸ್ ಪ್ರಕ್ರಿಯೆಯನ್ನೇ ಕೊಂದುಹಾಕಬಹುದು. ಅದು ಜನ ಹೆಚ್ಚು ಬರುವ ಹೊತ್ತು ಎಂಬುದನ್ನು ಗಮನಿಸಬೇಕು.

ಒಂದೇ ಯಂತ್ರದಲ್ಲಿ ಎರಡು ಡೇಟಾಬೇಸ್ ಪ್ರಕ್ರಿಯೆ ನಡೆಸುವವರು, ಕಂಟೇನರಿನೊಳಗೆ ನಡೆಸುವವರು ಈ ತಾನೇ ಹಾಕುವ ಲೆಕ್ಕವನ್ನು ನಂಬಿ ಕೂರಬಾರದು. ಎರಡೂ ಪ್ರಕ್ರಿಯೆಗಳು ಅರ್ಧರ್ಧ ತಮ್ಮದೇ ಎಂದುಕೊಂಡರೆ ಮೆಮೊರಿ ಪೂರ್ತಿ ಮುಗಿಯಿತು. ಅಲ್ಲಿ ಅಂಕಿಯನ್ನು ಕೈಯಾರೆ ಬರೆಯಲೇಬೇಕು.

ಈಗ ಬರವಣಿಗೆಯ ಕಡೆಗೆ ಬರೋಣ. ಕ್ಯಾಶ್‌ನ ನಿಜವಾದ ತೊಂದರೆಗಳು ಓದುವುದಕ್ಕಿಂತ ಬರೆಯುವುದರಲ್ಲೇ ಹೆಚ್ಚು. ತಾಲ್ಲೂಕು ಕಚೇರಿಯ ಗುಮಾಸ್ತರ ಮೇಜನ್ನು ನೆನೆಸಿಕೊಳ್ಳಿ. ಹಿಂದೆ ರೆಕಾರ್ಡ್ ರೂಮು, ಮುಂದೆ ಜನರ ಸಾಲು. ಬರೀ ನೋಡಲು ತಂದ ಕಡತವನ್ನು ಬೇಕಾದಾಗ ವಾಪಸ್ ಕಳಿಸಬಹುದು. ತಿದ್ದುಪಡಿ ಬರೆದ ಕಡತ ಹಾಗಲ್ಲ, ಅದನ್ನು ರಿಜಿಸ್ಟರಿನಲ್ಲಿ ಸರಿಯಾಗಿ ನಮೂದಿಸಿಯೇ ಒಳಗೆ ಇಡಬೇಕು. ಹೀಗೆ ತಿದ್ದಿದ ಆದರೆ ಇನ್ನೂ ಡಿಸ್ಕಿಗೆ ಬರೆಯದ ಪುಟಗಳಿಗೆ ಡೇಟಾಬೇಸಿನವರು ಡರ್ಟಿ ಪುಟಗಳು ಎನ್ನುತ್ತಾರೆ. ಮೇಜು ತುಂಬುತ್ತ ಬಂದಾಗ ಜವಾನರು ಹಿಂದಿನಿಂದ ಕಡತಗಳನ್ನು ಒಯ್ಯುತ್ತಿರುತ್ತಾರೆ. ಮೇಜು ಪೂರ್ತಿ ತುಂಬಿಹೋದರೆ? ಸಾಲಿನಲ್ಲಿ ನಿಂತವರಿಗೇ ‘ನೀವೇ ಎರಡು ಕಡತ ಒಳಗೆ ಇಟ್ಟು ಬನ್ನಿ, ಆಮೇಲೆ ನಿಮ್ಮ ಕೆಲಸ’ ಎನ್ನಬೇಕಾಗುತ್ತದೆ.

ವೈರ್ಡ್‌ಟೈಗರ್‌ನಲ್ಲಿ ಅಕ್ಷರಶಃ ಇದೇ ನಡೆಯುತ್ತದೆ. ಕ್ಯಾಶ್ ಶೇಕಡಾ 80 ತುಂಬಿದಾಗ ಹಿನ್ನೆಲೆಯ ಥ್ರೆಡ್‌ಗಳು ಪುಟಗಳನ್ನು ತೆರವು ಮಾಡಲು ತೊಡಗುತ್ತವೆ. ಡರ್ಟಿ ಪುಟಗಳಿಗೆ ಇನ್ನೂ ಬಿಗಿಯಾದ ಮಿತಿ: ಶೇಕಡಾ 5 ದಾಟಿದರೆ ಹಿನ್ನೆಲೆಯಲ್ಲಿ ಬರೆಯುವ ಕೆಲಸ ಶುರು. ಒಟ್ಟು ಶೇಕಡಾ 95, ಅಥವಾ ಡರ್ಟಿ ಭಾಗ ಶೇಕಡಾ 20 ಮುಟ್ಟಿತೋ, ಜನರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ ಥ್ರೆಡ್‌ಗಳನ್ನೇ ತೆರವಿನ ಕೆಲಸಕ್ಕೆ ಎಳೆಯಲಾಗುತ್ತದೆ. ನಮ್ಮ 15.5 ಗಿಗಾಬೈಟಿನ ಕ್ಯಾಶ್‌ನಲ್ಲಿ ಶೇಕಡಾ 5 ಎಂದರೆ ಮುಕ್ಕಾಲು ಗಿಗಾಬೈಟಿನಷ್ಟು, ಶೇಕಡಾ 20 ಎಂದರೆ 3.1 ಗಿಗಾಬೈಟ್. ಆ 3.1 ಮುಟ್ಟಿದ ಕ್ಷಣದಿಂದ ಬಳಕೆದಾರನಿಗೆ ವ್ಯವಸ್ಥೆ ತಟ್ಟನೆ ಮಂಕಾದಂತೆ ಕಾಣುತ್ತದೆ. ಪ್ರೊಸೆಸರಿನ ಗ್ರಾಫ್ ನೋಡಿದರೆ ಕಾರಣ ಹೊಳೆಯುವುದಿಲ್ಲ.

ಇಂಥ ಹೊತ್ತಿನಲ್ಲಿ ಕ್ಯಾಶ್ ಹಿಗ್ಗಿಸುವುದು ಮದ್ದೇ? ತೊಂದರೆ ಇರುವುದು ಡಿಸ್ಕಿನ ಬರೆಯುವ ವೇಗದಲ್ಲಾದರೆ ಅಲ್ಲ. ಕ್ಯಾಶನ್ನು 100 ಗಿಗಾಬೈಟ್ ಮಾಡಿದರೆ 20 ಗಿಗಾಬೈಟ್ ಡರ್ಟಿ ಪುಟಗಳು ಸೇರಿಕೊಳ್ಳಲು ಅವಕಾಶ ಕೊಟ್ಟಂತೆ. 60 ಸೆಕೆಂಡಿಗೊಮ್ಮೆ ನಡೆಯುವ ಚೆಕ್‌ಪಾಯಿಂಟ್ ಅಷ್ಟನ್ನೂ ಡಿಸ್ಕಿಗೆ ಇಳಿಸಬೇಕು. ಬೇಗ ಬೇಗ ಬರುತ್ತಿದ್ದ ಚಿಕ್ಕ ತಡೆಯ ಜಾಗದಲ್ಲಿ ಅಪರೂಪಕ್ಕೆ ಬರುವ ದೊಡ್ಡ ತಡೆ ಬರುತ್ತದೆ, ಅಷ್ಟೇ. ಅಲ್ಲಿ ಬೇಕಾದದ್ದು ವೇಗದ ಡಿಸ್ಕ್, ಅಥವಾ ಬೇಡದ ಒಂದೆರಡು ಇಂಡೆಕ್ಸ್‌ಗಳನ್ನು ತೆಗೆಯುವುದು. ಪ್ರತಿ ಹೆಚ್ಚುವರಿ ಇಂಡೆಕ್ಸ್ ಪ್ರತಿ ಹೊಸ ದಾಖಲೆಗೂ ಇನ್ನೊಂದು ಪುಟವನ್ನು ಡರ್ಟಿ ಮಾಡುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಂದು ಯಂತ್ರದ ಕಥೆ. ಕ್ಲಸ್ಟರ್ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಕೂಡುವ ಲೆಕ್ಕದಲ್ಲೇ ಬಹಳ ಜನ ಎಡವುವುದನ್ನು ಕಂಡಿದ್ದೇನೆ. ದತ್ತಾಂಶವನ್ನು ಪಾಲು ಮಾಡಿ ಹಂಚಿದ ಮೂರು ಶಾರ್ಡ್, ಪ್ರತಿ ಶಾರ್ಡಿಗೂ ಮೂರು ಯಂತ್ರಗಳ ರೆಪ್ಲಿಕಾ ಸೆಟ್, ಒಟ್ಟು ಒಂಬತ್ತು ಯಂತ್ರ ಎಂದಿಟ್ಟುಕೊಳ್ಳಿ. ಒಂಬತ್ತನ್ನು 15.5ರಿಂದ ಗುಣಿಸಿ ‘ನಮ್ಮ ಹತ್ತಿರ 139.5 ಗಿಗಾಬೈಟ್ ಕ್ಯಾಶ್ ಇದೆ’ ಎಂದು ವರದಿ ಬರೆಯುತ್ತಾರೆ. ಆದರೆ ರೆಪ್ಲಿಕಾ ಸೆಟ್ಟಿನ ಮೂರೂ ಯಂತ್ರಗಳಲ್ಲಿರುವುದು ಅದೇ ದತ್ತಾಂಶ. ಓದು ಬರಹ ಎರಡೂ ಸೆಟ್ಟಿನ ಮುಖ್ಯ ಯಂತ್ರವಾದ ಪ್ರೈಮರಿಗೇ ಹೋಗುವ ಸಾಮಾನ್ಯ ವ್ಯವಸ್ಥೆಯಲ್ಲಿ ಜನರ ಓದಿಗೆ ಒದಗುವುದು ಮೂರು ಪ್ರೈಮರಿಗಳ ಕ್ಯಾಶ್, 46.5 ಗಿಗಾಬೈಟ್. ವರ್ಕಿಂಗ್ ಸೆಟ್ 80 ಗಿಗಾಬೈಟ್ ಇದ್ದರೆ ಮೊದಲ ಲೆಕ್ಕದ ಪ್ರಕಾರ ನೆಮ್ಮದಿ, ಎರಡನೆಯ ಲೆಕ್ಕದ ಪ್ರಕಾರ ಸುಮಾರು ಐದರಲ್ಲಿ ಎರಡು ಪಾಲಿನಷ್ಟು ಕೊರತೆ. ಶಾರ್ಡ್ ಹೆಚ್ಚಿಸಿದರೆ ಕ್ಯಾಶ್ ಕೂಡುತ್ತದೆ. ರೆಪ್ಲಿಕಾ ಹೆಚ್ಚಿಸಿದರೆ ಭದ್ರತೆ ಕೂಡುತ್ತದೆ.

ಶಾರ್ಡ್ ಹೆಚ್ಚಿಸುವುದರಲ್ಲೂ ಒಂದು ಷರತ್ತಿದೆ. ದಾಖಲೆಗಳನ್ನು ಯಾವ ಕೀಲಿಯ ಮೇಲೆ ಹಂಚಿದ್ದೀರಿ ಎಂಬುದು ಕ್ಯಾಶ್ ಹಂಚಿಕೆಯನ್ನೂ ನಿರ್ಧರಿಸುತ್ತದೆ. ಸದಾ ಏರುತ್ತ ಹೋಗುವ ದಿನಾಂಕವನ್ನು ಕೀಲಿ ಮಾಡಿದರೆ ಹೊಸ ದಾಖಲೆಗಳೆಲ್ಲ ಒಂದೇ ಶಾರ್ಡಿಗೆ ಬೀಳುತ್ತವೆ. ಜನ ಹೆಚ್ಚು ನೋಡುವುದೂ ಹೊಸದನ್ನೇ. ಆ ಶಾರ್ಡಿನ ಕ್ಯಾಶ್ ಉಸಿರುಗಟ್ಟುವಾಗ ಉಳಿದೆರಡು ಆರಾಮವಾಗಿರುತ್ತವೆ. ಕೀಲಿಯೇ ಇಲ್ಲದ ಪ್ರಶ್ನೆ ಕೇಳಿದರೆ ಮೂರೂ ಶಾರ್ಡುಗಳು ತಮ್ಮ ತಮ್ಮ ಇಂಡೆಕ್ಸ್ ಪುಟಗಳನ್ನು ಎಳೆದು ನೋಡಬೇಕಾಗುತ್ತದೆ. ಇದನ್ನು ಕ್ಯಾಶ್‌ನ ಅಂಕಿ ತಿದ್ದಿ ಸರಿಪಡಿಸಲಾಗದು.

ಈಗ ಒಂದು ಯಂತ್ರ ಕೆಟ್ಟ ದಿನವನ್ನು ನೋಡೋಣ. ಪ್ರೈಮರಿಯಿಂದ ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಸೆಟ್ಟಿನ ಉಳಿದ ಯಂತ್ರಗಳು, ಅಂದರೆ ಸೆಕೆಂಡರಿಗಳು, ಚುನಾವಣೆ ನಡೆಸಿ ತಮ್ಮಲ್ಲೊಂದನ್ನು ಪ್ರೈಮರಿಯಾಗಿ ಆರಿಸುತ್ತವೆ. ಬಹುಮತದ ಯಂತ್ರಗಳನ್ನು ತಲುಪಿದ್ದ ದತ್ತಾಂಶ ಕಳೆದಿಲ್ಲ, ಚುನಾವಣೆ ಮುಗಿದೊಡನೆ ವ್ಯವಸ್ಥೆ ಮತ್ತೆ ನಡೆಯುತ್ತದೆ. ಆದರೂ ಮುಂದಿನ ಕೆಲವು ನಿಮಿಷ ಎಲ್ಲವೂ ನಿಧಾನ. ಏಕೆಂದರೆ ಸೆಕೆಂಡರಿಯಾಗಿದ್ದಾಗ ಅದು ಬರವಣಿಗೆಗಳನ್ನಷ್ಟೇ ನಕಲು ಮಾಡಿಕೊಳ್ಳುತ್ತಿತ್ತು. ಇತ್ತೀಚೆಗೆ ಬರೆದ ಪುಟಗಳು ಅದರ ಕ್ಯಾಶ್‌ನಲ್ಲಿವೆ, ಜನ ಓದುತ್ತಿದ್ದ ಪುಟಗಳು ಇಲ್ಲ. ಫಲಿತಾಂಶದ ದಿನದಂಥ ಸಂದರ್ಭದಲ್ಲಿ ಬರೆಯುವುದು ಹಿಂದಿನ ವಾರವೇ ಮುಗಿದು ಬರೀ ಓದು ನಡೆಯುತ್ತಿರುತ್ತದಲ್ಲ, ಅಲ್ಲಿ ಹೊಸ ಪ್ರೈಮರಿಯ ಕ್ಯಾಶ್ ಬಹುಪಾಲು ನಿರುಪಯೋಗಿ. ಇದನ್ನು ಅರಿತೇ 4.4 ಆವೃತ್ತಿಯಲ್ಲಿ ಮಿರರ್ಡ್ ರೀಡ್ಸ್ ಎಂಬ ಸೌಲಭ್ಯ ತಂದರು. ಪ್ರೈಮರಿಗೆ ಬಂದ ಪ್ರಶ್ನೆಗಳಲ್ಲಿ ಒಂದಂಶವನ್ನು, ರೂಢಿಯಲ್ಲಿ ನೂರಕ್ಕೆ ಒಂದನ್ನು, ಸೆಕೆಂಡರಿಗಳಿಗೂ ಕಳಿಸಿ ಅವುಗಳ ಕ್ಯಾಶನ್ನು ಬೆಚ್ಚಗಿಡುವ ಏರ್ಪಾಡು ಅದು. ಸೊಗಸಾದ ವಿಚಾರ. ಓದಿನ ಭಾರವೇ ಹೆಚ್ಚಿರುವ ವ್ಯವಸ್ಥೆಗಳಲ್ಲಿ ಆ ನೂರಕ್ಕೆ ಒಂದನ್ನು ಏರಿಸಿ ನೋಡುವುದು ಕ್ಯಾಶ್‌ಗೆ ಇನ್ನೆರಡು ಗಿಗಾಬೈಟ್ ಸೇರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದೇ ಕಾರಣಕ್ಕೆ ಪ್ರೈಮರಿಯಾಗಬಲ್ಲ ಯಂತ್ರಗಳಿಗೆಲ್ಲ ಒಂದೇ ರ‍್ಯಾಮ್, ಒಂದೇ ಕ್ಯಾಶ್ ಇರಬೇಕು. ಖರ್ಚು ಉಳಿಸಲು ಸೆಕೆಂಡರಿಗೆ ಅರ್ಧ ಮೆಮೊರಿ ಕೊಡುವವರಿದ್ದಾರೆ. ಆ ಉಳಿತಾಯದ ಬೆಲೆ ತೆರುವುದು ಅತಿ ಕೆಟ್ಟ ದಿನದಂದು.

ಖರ್ಚು ಉಳಿಸುವ ಇನ್ನೊಂದು ರೂಢಿ, ಮೂರನೆಯ ಯಂತ್ರದ ಬದಲು ಬರೀ ಮತ ಹಾಕುವ ಆರ್ಬಿಟರನ್ನು ಇಡುವುದು. ಅದರಲ್ಲಿ ದತ್ತಾಂಶ ಇರುವುದಿಲ್ಲ. ಇಂಥ ಗುಂಪಿನಲ್ಲಿ ಇರುವ ಒಂದೇ ಸೆಕೆಂಡರಿ ಬಿದ್ದುಹೋಯಿತು ಎನ್ನಿ. ಪ್ರೈಮರಿ ಕೆಲಸ ಮುಂದುವರಿಸುತ್ತದೆ, ಬರವಣಿಗೆಗಳನ್ನು ಒಪ್ಪಿಕೊಳ್ಳುತ್ತದೆ. ಆದರೆ ಹೊಸ ಬರವಣಿಗೆ ಬಹುಮತದ ಯಂತ್ರಗಳನ್ನು ತಲುಪಿದೆ ಎಂಬ ಗುರುತು ಮುಂದೆ ಸರಿಯುವುದಿಲ್ಲ. ಆ ಗುರುತಿನಿಂದ ಈಚೆಗಿನ ಪ್ರತಿ ದಾಖಲೆಯ ಹಳೆಯ ರೂಪಗಳನ್ನೂ ಪ್ರೈಮರಿ ಹಿಡಿದಿಟ್ಟುಕೊಳ್ಳಬೇಕು. ಗಂಟೆಗಳು ಕಳೆದಂತೆ ಕ್ಯಾಶ್‌ನಲ್ಲಿ ಒತ್ತಡ ಏರುತ್ತದೆ, ಹಿಡಿಸದ್ದು ಡಿಸ್ಕಿನ ಹಿಸ್ಟರಿ ಸ್ಟೋರ್ ಫೈಲಿಗೆ ಹರಿಯುತ್ತದೆ. ಹೊರಗಿನಿಂದ ನೋಡುವವರಿಗೆ ಕ್ಯಾಶ್ ಸಾಲುತ್ತಿಲ್ಲ ಎನಿಸುತ್ತದೆ. ಅಲ್ಲಿ ಮಾಡಬೇಕಾದದ್ದು ಬಿದ್ದ ಯಂತ್ರದ ಮತವನ್ನೂ ಆದ್ಯತೆಯನ್ನೂ ತಾತ್ಕಾಲಿಕವಾಗಿ ಸೊನ್ನೆ ಮಾಡುವುದು, ಅದು ಚೇತರಿಸಿಕೊಂಡ ಮೇಲೆ ಮರಳಿ ಕೊಡುವುದು. ಕ್ಯಾಶ್‌ನ ಅಂಕಿಯನ್ನು ಮುಟ್ಟಬೇಕಾಗಿಲ್ಲ.

ನಾನು ಹತ್ತಿರದಿಂದ ನೋಡಿದ ಒಂದು ವ್ಯವಸ್ಥೆಯಲ್ಲಿ ಪ್ರತಿದಿನ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಒಂದರ್ಧ ಗಂಟೆ ಎಲ್ಲರ ಪರದೆಯೂ ತಡವರಿಸುತ್ತಿತ್ತು, ಆಮೇಲೆ ತಾನೇ ಸರಿಹೋಗುತ್ತಿತ್ತು. ಜನ ಒಟ್ಟಿಗೆ ಲಾಗಿನ್ ಆಗುವುದೇ ಕಾರಣ ಎಂದು ಎಲ್ಲರೂ ನಂಬಿದ್ದರು. ನಿಜವಾದ ಕಾರಣ ಬೇರೆಯಿತ್ತು: ರಾತ್ರಿ ಒಂದು ವರದಿ ಇಡೀ ಸಂಗ್ರಹವನ್ನು ಮೊದಲ ದಾಖಲೆಯಿಂದ ಕೊನೆಯವರೆಗೆ ಓದುತ್ತಿತ್ತು. ವರ್ಷಗಳ ಹಿಂದಿನ, ಯಾರೂ ಕೇಳದ ಪುಟಗಳು ಕ್ಯಾಶ್‌ನಲ್ಲಿ ಬಂದು ಕೂತು ಹಗಲಿನ ಪುಟಗಳನ್ನು ಹೊರಗೆ ತಳ್ಳುತ್ತಿದ್ದವು. ಬೆಳಗಿನ ಅರ್ಧ ಗಂಟೆ ಅವುಗಳನ್ನು ಮರಳಿ ತರುವ ಹೊತ್ತು. ವರದಿಯನ್ನು ಎಂದೂ ಪ್ರೈಮರಿಯಾಗದ, ಬಳಕೆದಾರರಿಗೆ ಕಾಣದ ಹಿಡನ್ ಸದಸ್ಯ ಯಂತ್ರಕ್ಕೆ ಸಾಗಿಸಿದ ಮೇಲೆ ತೊಂದರೆ ನಿಂತಿತು. ಒಂದು ಮೆಗಾಬೈಟನ್ನೂ ಹೆಚ್ಚಿಸಬೇಕಾಗಲಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಸರ್ವರ್ ಸ್ಟೇಟಸ್ ಆಜ್ಞೆ ಕೊಟ್ಟರೆ ಕ್ಯಾಶ್ ವಿಭಾಗದಲ್ಲಿ ಹತ್ತಾರು ಎಣಿಕೆಗಳು ಬರುತ್ತವೆ. ನಾಲ್ಕು ಸಾಕು: ಕ್ಯಾಶ್‌ನಲ್ಲಿ ಈಗ ಇರುವ ಬೈಟ್‌ಗಳು, ಅವುಗಳಲ್ಲಿ ಡರ್ಟಿ ಎಷ್ಟು, ಕ್ಯಾಶ್‌ಗೆ ಓದಿಕೊಂಡ ಪುಟಗಳು, ಬಳಕೆದಾರರ ಥ್ರೆಡ್‌ಗಳೇ ತೆರವು ಮಾಡಿದ ಪುಟಗಳು. ಕೊನೆಯ ಎರಡು ಸರ್ವರ್ ಶುರುವಾದಾಗಿನಿಂದ ಕೂಡುತ್ತ ಬಂದ ಮೊತ್ತಗಳು. ಒಮ್ಮೆ ನೋಡಿದರೆ ಅರ್ಥವಿಲ್ಲ, ನಿಮಿಷದ ಅಂತರದಲ್ಲಿ ಎರಡು ಸಲ ತೆಗೆದು ಕಳೆಯಬೇಕು. ಕ್ಯಾಶ್ ಶೇಕಡಾ 80 ತುಂಬಿದೆ ಎಂದು ಗಾಬರಿಯಾಗುವುದು ಬೇಡ, ಅದು ತುಂಬಿರಬೇಕಾದದ್ದೇ ಅಷ್ಟು. ದಟ್ಟಣೆಯ ಹೊತ್ತಿನಲ್ಲಿ ಓದಿಕೊಳ್ಳುವ ಪುಟಗಳ ವೇಗ ತಗ್ಗದೆ ಒಂದೇ ಸಮ ಇದ್ದರೆ ವರ್ಕಿಂಗ್ ಸೆಟ್ ಹಿಡಿಸುತ್ತಿಲ್ಲ ಎಂದರ್ಥ. ಬಳಕೆದಾರರ ಥ್ರೆಡ್‌ಗಳ ತೆರವು ಸೊನ್ನೆಯಿಂದ ಮೇಲೇಳುತ್ತಿದ್ದರೆ ಜನ ಆಗಲೇ ಕಾಯುತ್ತಿದ್ದಾರೆ.

ಅಳೆಯುವಾಗ ದಾಖಲೆಗಳನ್ನಲ್ಲ, ಪುಟಗಳನ್ನು ಎಣಿಸಬೇಕು. ಸಂಗ್ರಹದಲ್ಲಿ ದಾಖಲೆಗಳಿರುವ ಒಂದು ಪುಟ ಡಿಸ್ಕಿನಲ್ಲಿ 32 ಕಿಲೋಬೈಟಿನವರೆಗೆ ಇರುತ್ತದೆ. ಒಂದು ಕಿಲೋಬೈಟಿನ ಒಂದು ದಾಖಲೆ ಬೇಕಾದರೂ ನೆರೆಹೊರೆಯ ದಾಖಲೆಗಳೆಲ್ಲ ಜೊತೆಗೆ ಬರುತ್ತವೆ. ಪುಟದೊಳಗೆ ದಾಖಲೆಗಳು ಸೇರಿಸಿದ ಕ್ರಮದಲ್ಲಿ ಕೂತಿರುತ್ತವೆ. ಒಂದು ಶಾಲೆಯ ಮಕ್ಕಳನ್ನು ಒಟ್ಟಿಗೆ ಸೇರಿಸಿದ್ದರೆ ಒಬ್ಬರಿಗಾಗಿ ತಂದ ಪುಟ ಉಳಿದ ಸಹಪಾಠಿಗಳಿಗೂ ಆಯಿತು. ಚದುರಿ ಸೇರಿಸಿದ್ದರೆ ಒಬ್ಬೊಬ್ಬರಿಗೂ ಒಂದು ಪುಟ.

ಕೊನೆಯದಾಗಿ, ಕನ್ನಡದಲ್ಲಿ ದತ್ತಾಂಶ ಇಡುವ ನಮಗೇ ಸೇರಿದ ಒಂದು ಸಂಗತಿ. ಮಾಂಗೋಡಿಬಿ ಪಠ್ಯವನ್ನು ಯುಟಿಎಫ್-8 ಸಂಕೇತದಲ್ಲಿ ಇಡುತ್ತದೆ. ಅದರಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಕರ್ನಾಟಕ’ ಎಂಬಲ್ಲಿ ಕ, ರ, ಹಲಂತ, ನ, ದೀರ್ಘ, ಟ, ಕ ಎಂದು ಏಳು ಸಂಕೇತಗಳು, 21 ಬೈಟ್. ಇಂಗ್ಲಿಷ್ ಲಿಪಿಯಲ್ಲಿ ಅದೇ ಹೆಸರು 9 ಬೈಟ್. ಡಿಸ್ಕಿನಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಕರಗುತ್ತದೆ, ಏಕೆಂದರೆ ಪ್ರತಿ ಕನ್ನಡ ಸಂಕೇತದ ಮೊದಲ ಎರಡು ಬೈಟ್‌ಗಳು ಹೆಚ್ಚುಕಡಿಮೆ ಒಂದೇ ಆಗಿದ್ದು ಚೆನ್ನಾಗಿ ಅದುಮಲು ಬರುತ್ತವೆ. ಒಳಗಿನ ಕ್ಯಾಶ್‌ನಲ್ಲಿ ಮಾತ್ರ ಪುಟ ಬಿಚ್ಚಿಕೊಂಡಿರುತ್ತದೆ, ಅಲ್ಲಿ ಮೂರಕ್ಕೆ ಮೂರೂ ಬೈಟ್ ಜಾಗ ಹಿಡಿಯುತ್ತವೆ. ಹಾಗಾಗಿ ಡಿಸ್ಕಿನ ಫೈಲಿನ ಗಾತ್ರ ನೋಡಿ ಕ್ಯಾಶ್ ಅಂದಾಜು ಮಾಡಿದರೆ ಕನ್ನಡ ಸಂಗ್ರಹಗಳಲ್ಲಿ ಕೊರತೆ ಬೀಳುವ ಸಂಭವ ಹೆಚ್ಚು. ಬಿಚ್ಚಿದ ಗಾತ್ರವನ್ನು ಸಂಗ್ರಹದ ಅಂಕಿಅಂಶಗಳಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ, ಅದನ್ನು ಹಿಡಿಯಬೇಕು.

ಇದರಿಂದ ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ತುಂಬಿ ಎಂದು ಯಾರೂ ಹೇಳಬಾರದು. ಜನರ ಹೆಸರು, ಊರು, ವಿಳಾಸ ಅವರು ಬರೆಯುವ ಲಿಪಿಯಲ್ಲೇ ಇರಬೇಕು, ಅದಕ್ಕೆ ಬೇಕಾದ ಮೆಮೊರಿಯನ್ನು ಬಜೆಟ್ಟಿನಲ್ಲಿ ಕೇಳಿ ಪಡೆಯಬೇಕು. ಉಳಿಸಲು ಜಾಗ ಬೇರೆ ಕಡೆ ಇದೆ. ಈ ಡೇಟಾಬೇಸ್ ಪ್ರತಿ ದಾಖಲೆಯಲ್ಲೂ ಅಂಕಣದ ಹೆಸರನ್ನು ಮತ್ತೆ ಬರೆಯುತ್ತದೆ. ‘ತಾಲ್ಲೂಕು’ ಎಂಬ ಅಂಕಣದ ಹೆಸರು 24 ಬೈಟ್; ಒಂದು ಕೋಟಿ ದಾಖಲೆಗಳಲ್ಲಿ ಬರೀ ಆ ಹೆಸರೇ 240 ಮೆಗಾಬೈಟ್ ಆಗುತ್ತದೆ. ಅಂಕಣದ ಹೆಸರನ್ನು ಓದುವುದು ಪ್ರೋಗ್ರಾಂ ಮಾತ್ರ. ಅದನ್ನು ಎರಡಕ್ಷರದ ಸಂಕೇತವಾಗಿ ಇಟ್ಟು, ಪರದೆಯ ಮೇಲೆ ಪೂರ್ತಿ ಕನ್ನಡದಲ್ಲಿ ತೋರಿಸಬಹುದು. ವಿನ್ಯಾಸ ಮಾಡುವ ದಿನವೇ ಇದನ್ನು ಮಾಡಬೇಕು, ಕೋಟಿ ದಾಖಲೆ ತುಂಬಿದ ಮೇಲೆ ಮಾಡಹೊರಟರೆ ಪ್ರತಿಯೊಂದನ್ನೂ ತಿದ್ದಿ ಬರೆಯಬೇಕಾಗುತ್ತದೆ.